ಟ್ಯಾಬಿನಲ್ಲಿ ಕಲಿತ ಎದೆಬಡಿತ

ನನ್ನ ಮಗಳು ಮೆಡಿಕಲ್ ಓದುತ್ತಾಳೆ. ಅವರ ಕಾಲೇಜಿನಲ್ಲಿ ಈಗ ಅರ್ಧ ಪಾಠ ಟ್ಯಾಬಿನಲ್ಲಿ. ವಿಡಿಯೊಗಳನ್ನು ಮನೆಯಲ್ಲೇ ನೋಡಿಕೊಂಡು ಹೋಗಬೇಕು, ಆಮೇಲೆ ವಾರ್ಡಿನಲ್ಲಿ ರೋಗಿಯನ್ನು ಮುಟ್ಟಿ ಕಲಿಯಬೇಕು. ಮಿಶ್ರಿಕೋಟಿಯ ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಮಾಳಿಗೆಯ ಮೇಲಷ್ಟೇ. ಕಳೆದ ರಜೆಯಲ್ಲಿ ಅಲ್ಲೇ, ಒಣಹಾಕಿದ ಮೆಣಸಿನಕಾಯಿಯ ಪಕ್ಕ, ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಿರುತ್ತಿದ್ದಳು. ಊಟಕ್ಕೆ ಕರೆದೂ ಕರೆದೂ ನನ್ನ ಗಂಟಲು ಹರಿಯುತ್ತಿತ್ತು.

ರಜೆ ಮುಗಿಯುವ ಸಂಜೆ ಸ್ಟೆತಸ್ಕೋಪು ಹಿಡಿದು ಅಡಿಗೆಮನೆಗೆ ಬಂದಳು. ನಾನು ರೊಟ್ಟಿ ಬಡಿಯುತ್ತಿದ್ದೆ.

"ಅವ್ವಾ, ಕೈ ತೊಳಕೊಂಡು ಕುಂದ್ರಬೇ. ನಾಳಿ ವಾರ್ಡಿನ್ಯಾಗ ಎದಿ ಕೇಳಾಕ ಹಚ್ಚತಾರ. ನಿನ್ನ ಮ್ಯಾಲೆ ರೂಢಿ ಮಾಡಕೋತೀನಿ."

ಎದೆಗೆ ಇಟ್ಟಳು. ಮುಖ ಸಪ್ಪಗಾಯಿತು. ಜಾಗ ಬದಲಿಸಿ ಮತ್ತೆ ಇಟ್ಟಳು.

"ಏನಾತ ಲೇ? ಬಾಯಿ ಬಿಡು."

"ಭಾಳ ಸಾವಕಾಶ ಬಡಿಯಾಕತ್ತೈತಬೇ. ವಿಡಿಯೊದಾಗ ಹಿಂಗಿರಲಿಲ್ಲ."

ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಗಂಡ ಹೋದ ಮೇಲೆ ಅವಳಿಗೆ ನಾನು, ನನಗೆ ಅವಳು. ಮರುದಿನ ಹುಬ್ಬಳ್ಳಿ ಬಸ್ಸಿನಲ್ಲಿ ಅವಳು ನನ್ನ ಕೈ ಬಿಡಲೇ ಇಲ್ಲ. ನನಗೆ ಹೆದರಿಕೆಗಿಂತ ಸಿಟ್ಟೇ ಹೆಚ್ಚಿತ್ತು: ಇವಳು ಡಾಕ್ಟರಾಗುವ ತನಕವಾದರೂ ಈ ಎದೆಗೆ ತಡೆಯಲಿಕ್ಕೆ ಆಗುವುದಿಲ್ಲವೇ?

ವಾರ್ಡಿನಲ್ಲಿ ಅವಳ ಮೇಡಂ ನನ್ನ ಎದೆ ಕೇಳಿದರು, ನಾಡಿ ಹಿಡಿದು ಗಡಿಯಾರ ನೋಡಿದರು, ಇಸಿಜಿಯನ್ನೂ ತೆಗೆಸಿದರು.

"ಏನೂ ಆಗಿಲ್ರಿ, ಅಗದಿ ಆರಾಮ ಅದೀರಿ" ಎಂದು ಮಗಳ ಕಡೆ ತಿರುಗಿದರು. "ನಾಡಿ ಎಣಿಸಿದಿಯೇನು?"

"ಇಲ್ರಿ ಮೇಡಂ. ವಿಡಿಯೊದಾಗ ಕೇಳಿದ್ದಕ್ಕ ಹೋಲಿಸಿದೆ."

"ವಿಡಿಯೊ ಎಷ್ಟು ಸ್ಪೀಡಿನಾಗ ಹಾಕಿದ್ದಿ?"

ಮಗಳು ತಲೆ ತಗ್ಗಿಸಿದಳು. ಪಾಠ ಬೇಗ ಮುಗಿಯಲೆಂದು ಹುಡುಗರೆಲ್ಲ ವಿಡಿಯೊಗಳನ್ನು ಎರಡು ಪಟ್ಟು ವೇಗದಲ್ಲಿ ಓಡಿಸುತ್ತಾರಂತೆ. ಇವಳು ಎದೆಬಡಿತವನ್ನೂ ಹಾಗೇ ಓಡಿಸಿ, ಅದೇ ಸರಿಯೆಂದು ಕಿವಿಗೆ ಕೂರಿಸಿಕೊಂಡಿದ್ದಳು.

"ಹುಚ್ಚಖೋಡಿ! ನಿನ್ನ ಗಡಿಬಿಡಿಗೆ ನನ್ನ ಜೀವಾ ಹೋಗೂದೊಂದು ಬಾಕಿತ್ತು!" ಎಂದು ಬೈದೆ. ಬೈಯುತ್ತಲೇ ಅಳು ಬಂತು.

ಮೇಡಂ ನಗುತ್ತ, "ಇನ್ನೊಮ್ಮಿ ಕೇಳು" ಎಂದರು. ಮಗಳು ಸ್ಟೆತಸ್ಕೋಪು ಇಟ್ಟು ಕಣ್ಣು ಮುಚ್ಚಿದಳು. ಎಷ್ಟು ಹೊತ್ತಾದರೂ ತೆಗೆಯಲಿಲ್ಲ. ಪಕ್ಕದ ಮಂಚದವರೆಲ್ಲ ನೋಡತೊಡಗಿದರು. ನನಗೆ ನಾಚಿಕೆ.

"ಸಾಕ ಮಾಡ ಲೇ, ಬಸ್ಸು ಹೋಗತೈತಿ."

"ಸುಮ್ನ ಕುಂದ್ರಬೇ" ಎಂದಳು, ಕಣ್ಣು ತೆರೆಯದೆ. "ಇದನ್ನ ಓಡಿಸಾಕ ಬರೂದಿಲ್ಲ."