ಎಳನೀರಿನ ಕರೆ

ಮೊನ್ನೆ ತಿಪಟೂರಿನ ನಮ್ಮ ಬಾಡಿಗೆ ಮನೆಯಲ್ಲಿ ಮಗಳು ಮೊಬೈಲಿನಲ್ಲಿ ಹಳೆಯ ಟೀವಿ ಜಾಹೀರಾತುಗಳನ್ನು ಹುಡುಕಿ ನೋಡುತ್ತ ಕೂತಿದ್ದಳು. ಬಟ್ಟೆ ಸೋಪಿನ ಪುಡಿಯದೊಂದು ಹಾಡು ಶುರುವಾಯಿತು. ಅದು ಮುಗಿಯುವ ಮೊದಲೇ ನಾನು ಕೂತಲ್ಲಿಂದ ಅರ್ಧ ಎದ್ದಿದ್ದೆ, ಈ ವಯಸ್ಸಿನಲ್ಲೂ.

ನೀವೂ ಆ ಹಾಡು ಕೇಳಿಯೇ ಬೆಳೆದಿರಬೇಕು. ನಿಮಗೆ ಅದು ಭಾನುವಾರದ ಸಿನಿಮಾ, ಚಾಪೆಯ ಮೇಲೆ ಒತ್ತಿ ಕೂತ ಅಕ್ಕಪಕ್ಕದವರನ್ನು ನೆನಪಿಸೀತು. ಕಿಬ್ಬನಹಳ್ಳಿಯ ನಮ್ಮ ಮನೆಯಲ್ಲೂ ಅದೆಲ್ಲ ಇತ್ತು. ಅಟ್ಟದಿಂದ ಇಳಿಯುವ ಕೊಬ್ಬರಿಯ ಘಮ, ಒಲೆಯ ಹೊಗೆ, ನಡುಮನೆಯಲ್ಲಿ ಕಪ್ಪುಬಿಳುಪು ಟೀವಿ, ಅದರ ಮುಂದೆ ಬಿಳಿ ಅಂಗಿಯ ಅಪ್ಪ. ಕೊಬ್ಬರಿ ವ್ಯಾಪಾರಕ್ಕೆ ತೋಟ ತೋಟ ತಿರುಗುವ ಅವನ ಎದೆಯ ಮೇಲೆ ಎಳನೀರಿನ ಹನಿ ಬೀಳದ ದಿನವಿರಲಿಲ್ಲ. ಬಿದ್ದಾಗ ಬರೀ ನೀರು, ಒಣಗಿದರೆ ಕಂದು ಕರೆ. ಬಟ್ಟೆ ಹರಿದರೂ ಅದು ಹೋಗದು ಎಂದು ನಮ್ಮ ಸೀಮೆಯ ಮಕ್ಕಳಿಗೂ ಗೊತ್ತು. ಅಪ್ಪನಿಗೂ ಗೊತ್ತಿತ್ತು, ಟೀವಿ ಬರುವವರೆಗೆ.

ಜಾಹೀರಾತಿನ ಹೆಂಗಸು ನಗುನಗುತ್ತ ಅಂಗಿಯನ್ನು ಬಕೆಟ್ಟಿನಲ್ಲಿ ಅದ್ದಿ ತೆಗೆದರೆ ಕರೆ ಮಾಯ. ಅಪ್ಪ ಅವಳನ್ನು ನೋಡುತ್ತಿದ್ದ, ತನ್ನ ಎದೆ ನೋಡಿಕೊಳ್ಳುತ್ತಿದ್ದ, ಆಮೇಲೆ ಅಮ್ಮನ ಕಡೆ ತಿರುಗುತ್ತಿದ್ದ. “ಅವಳ ಕೈಲಿ ಹೋಯ್ತದೆ, ನಿನ್ ಕೈಲಿ ಯಾಕ್ ಹೋಗಲ್ಲ?” ದನಿ ಏರಿಸುತ್ತಿರಲಿಲ್ಲ. ಅಮ್ಮ ಉತ್ತರ ಕೊಟ್ಟರೂ ಕೊಡದಿದ್ದರೂ ಅನ್ನದ ತಟ್ಟೆ ಅಂಗಳಕ್ಕೆ ಹಾರುತ್ತಿತ್ತು. ನಿಂಬೆಹಣ್ಣು ಹಾಕಿ ಉಜ್ಜಿ ಉಜ್ಜಿ ಅಮ್ಮನ ಬೆರಳ ತುದಿಯೇ ಸುಲಿದಿತ್ತು. ಕೊನೆಗೆ ಅವಳೊಂದು ಉಪಾಯ ಹೂಡಿದಳು. ಜಾಹೀರಾತು ಶುರುವಾಯಿತೆಂದರೆ ಅಡುಗೆಮನೆಯಿಂದ ನನ್ನನ್ನು ಕೂಗಿ, ಹಿತ್ತಿಲ ಬಾಗಿಲು ಹಾಕಿ ಬರಲು ಹೇಳುತ್ತಿದ್ದಳು. ಬಾಗಿಲು ಬರೀ ನೆಪ; ನಾನು ಹಿತ್ತಿಲಿಗೆ ಓಡಿ ಆಂಟೆನಾ ಕಂಬ ತಿರುಗಿಸಿ ಹಿಡಿದು ನಿಲ್ಲುತ್ತಿದ್ದೆ. ಒಳಗೆ ಟೀವಿಯ ಹೆಂಗಸು ಬರೀ ಚುಕ್ಕೆಗಳಾಗುತ್ತಿದ್ದಳು. ಅಪ್ಪ ಗಾಳಿಯನ್ನು ಬೈಯುತ್ತಿದ್ದ. ಅವನು ಎದ್ದು ಬಂದುಬಿಟ್ಟರೆ ಎಂದು ನಾನು ಕಂಬಕ್ಕೆ ಕೆನ್ನೆಯಾನಿಸಿ ಹೆಜ್ಜೆ ಸದ್ದಿಗೆ ಕಿವಿಗೊಡುತ್ತಿದ್ದೆ.

ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಯಿತು. ಹೆದ್ದಾರಿ ಅಗಲ ಮಾಡುವಾಗ ಆ ಮನೆಯೂ ಹೋಯಿತು. ಅಟ್ಟದ ಆ ಘಮ ನೆನೆದರೆ ಈಗಲೂ ಅಳು ಬರುತ್ತದೆ, ಹೆದರಿಕೆಯೂ ಅದರ ಜೊತೆಗೇ ಬರುತ್ತದೆ.

ಮೊನ್ನೆ ಹಾಡು ಕೇಳುತ್ತಲೇ, ನನ್ನ ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದ ಅಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು. ಬೀದಿ ಬಾಗಿಲ ಕಡೆ ನೋಡಿ, ಮೆಲ್ಲಗೆ ಹೇಳಿದಳು: “ಸುಧಾ, ಹಿತ್ಲು ಬಾಗ್ಲು ಹಾಕ್ಬುಟ್ ಬಾ ಹೋಗೇ.”

ಈ ಮನೆಗೆ ಹಿತ್ತಿಲೇ ಇಲ್ಲ. ನಾನು ಎದ್ದು ಮಗಳ ಕೈಯಿಂದ ಮೊಬೈಲ್ ತೆಗೆದು ನಿಲ್ಲಿಸಿದೆ. ಬಚ್ಚಲಮನೆಯ ಗೋಡೆಗೆ ಕೆನ್ನೆಯಾನಿಸಿ ಸ್ವಲ್ಪ ಹೊತ್ತು ನಿಂತು ಬಂದೆ.

“ಹಾಕ್ಬುಟ್ ಬಂದೆ ಕಣಮ್ಮ” ಅಂದೆ.

ಅಮ್ಮ ಸೆರಗಿನಿಂದ ಕೈ ಹೊರಗೆ ತೆಗೆದಳು.