ಅನುಜ್ ಮೂರು ಸಲ ಕರೆದ ಊರು

ಮಿಶಿಗನ್ನಿನ ನೋವೈ ಊರಿನ ಸುತ್ತಮುತ್ತ ಕನ್ನಡದವರ ಮನೆಯಲ್ಲಿ ಗೃಹಪ್ರವೇಶವೋ ಸೀಮಂತವೋ ಇದ್ದರೆ ಒಬ್ಬಟ್ಟು ಭಾನುವಿನ ಅಡುಗೆಮನೆಯಿಂದಲೇ ಬರಬೇಕು. ಮೈಸೂರಿನ ಹೆಂಗಸು. ಗಂಡ ರವಿಶಂಕರ ಡಿಯರ್‌ಬಾರ್ನ್‌ನಲ್ಲಿ ಇಂಜಿನಿಯರು. ವೀಸಾದ ಕಟ್ಟಳೆಯಿಂದಾಗಿ ಮೊದಲ ಎಂಟು ವರ್ಷ ಅವಳು ಕೆಲಸಕ್ಕೆ ಹೋಗುವಂತಿರಲಿಲ್ಲ. ಆಗ ನೆರೆಯವರಿಗೆಂದು ಮಾಡತೊಡಗಿದ ಅಡುಗೆಯೇ ಮುಂದೆ ಅವಳ ಕಸುಬಾಯಿತು. ಶುಕ್ರವಾರ ಕಣಕ ಕಲಸಿದರೆ ಭಾನುವಾರ ಪಾತ್ರೆ ತೊಳೆದು ಮುಗಿಸುವವರೆಗೂ ಅವಳಿಗೆ ಬಿಡುವಿಲ್ಲ.

ಒಬ್ಬನೇ ಮಗ ಅನುಜ್. ಓದಿದ್ದು ಭೂವಿಜ್ಞಾನ, ಅದೂ ಮಿಶಿಗನ್ನಿನ ಉತ್ತರದ ತುದಿಯಲ್ಲಿ, ಮನೆಯಿಂದ ಹತ್ತು ಗಂಟೆ ದೂರದ ಕೀವಿನಾ ಪ್ರದೇಶದಲ್ಲಿ. ನೂರು ಕೋಟಿ ವರ್ಷಗಳ ಹಿಂದೆ ಅಲ್ಲಿ ಲಾವಾ ಹರಿದಿತ್ತಂತೆ. ಆ ಬಂಡೆಗಳು ಈಗಲೂ ಸುಪೀರಿಯರ್ ಸರೋವರದ ದಂಡೆಯಲ್ಲಿ ನೀರಿಗಿಳಿದು ನಿಂತಿವೆಯಂತೆ. ಹಿಂದಿನ ಕಾಡಿನಲ್ಲಿ ಸಾವಿರಾರು ವರ್ಷಗಳ ಹಿಂದಿನ ಜನ ತಾಮ್ರ ತೆಗೆದ ಗುಂಡಿಗಳಿವೆಯಂತೆ. ಇದನ್ನೆಲ್ಲ ಅವನು ಫೋನಿನಲ್ಲಿ ಹೇಳುತ್ತಿದ್ದ. ಭಾನು ಹೂಂಗುಟ್ಟುತ್ತಿದ್ದಳು.

ಅಮ್ಮನನ್ನು ಅವನು ಮೂರು ಸಲ ಕರೆದ. ಎಲೆ ಬಣ್ಣ ತಿರುಗಿದಾಗ ಒಮ್ಮೆ. ಅವತ್ತು ಯಾರದೋ ಸೀಮಂತ. ಮರುವರ್ಷ ಬೇಸಿಗೆಯಲ್ಲಿ ಒಮ್ಮೆ, ಅವತ್ತು ಉಪನಯನ. ಮೂರನೆಯ ಸಲ ಕರೆದಾಗ ಜನವರಿ. ಅವಳು ಕೋಡುಬಳೆ ಕರಿಯುತ್ತಿದ್ದಳು, ಫೋನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಕೊಂಡಿತ್ತು.

"ಅಮ್ಮಾ, ಮೇ ತಿಂಗಳು ಬಾ. ಜಸ್ಟ್ ಒನ್ ವೀಕೆಂಡ್."

"ಆರ್ಡರ್ ಇದೆ ಕಣೋ, ತಲೆ ತಿನ್ನಬೇಡ. ಆಮೇಲೆ ನೋಡೋಣ."

"ಓಕೆ, ಓಕೆ," ಎಂದು ನಕ್ಕು ಅವನು ಫೋನಿಟ್ಟ.

ಫೆಬ್ರವರಿಯಲ್ಲಿ, ಹಿಮ ಗಟ್ಟಿಯಾಗಿದ್ದ ರಸ್ತೆಯಲ್ಲಿ ಅವನ ಕಾರು ಜಾರಿತು. ಅವನು ಉಳಿಯಲಿಲ್ಲ. ಇಪ್ಪತ್ತೊಂದು ವರ್ಷ ಅವನಿಗೆ.

ಅವನ ರೂಮು ಖಾಲಿ ಮಾಡಲು ರವಿಶಂಕರನೊಬ್ಬನೇ ಹೋಗಿಬಂದ. ಯಾರಾದರೂ ಆ ಊರಿನ ಹೆಸರೆತ್ತಿದರೆ ಭಾನು ಎದ್ದು ಒಳಗೆ ಹೋಗುತ್ತಿದ್ದಳು. ಎರಡು ವರ್ಷ ಹೀಗೇ ಕಳೆಯಿತು. ಅಳು ಬಂದಾಗಲೆಲ್ಲ ಅವಳ ಮಾತು ಒಂದೇ: "ಕರೆದಾಗ ಹೋಗ್ಲಿಲ್ಲ ನಾನು." ರವಿಶಂಕರ ಅವಳ ಬೆನ್ನು ಸವರುತ್ತ ಸುಮ್ಮನೆ ಕೂತಿರುತ್ತಿದ್ದ.

ಕಳೆದ ಸೆಪ್ಟೆಂಬರಿನಲ್ಲಿ ಗಗನಾ ಎಂಬ ಹುಡುಗಿ ಫೋನು ಮಾಡಿದಳು. ಅನುಜ್‌ನ ಸಹಪಾಠಿ, ನೇಪರ್‌ವಿಲ್ ಎಂಬ ಊರಿನ ಕನ್ನಡದವರ ಮಗಳು. ಓದು ಮುಗಿದ ಮೇಲೆ ಕೀವಿನಾದಲ್ಲೇ ಕೆಲಸಕ್ಕೆ ಸೇರಿದ್ದಳು. "ಆಂಟಿ, ಅನುಜ್ ಪ್ರಾಜೆಕ್ಟ್‌ಗೆ ಮೆಷರ್ ಮಾಡಿದ ಜಾಗ ಇದೆ. ನೀವು ನೋಡ್ಬೇಕು," ಎಂದಳು. ಭಾನು ಆ ಶನಿವಾರದ ಆರ್ಡರನ್ನು ಒಲ್ಲೆನೆಂದು ಹೇಳಿ, ಶುಕ್ರವಾರ ಬೆಳಗ್ಗೆ ಗಂಡನ ಜೊತೆ ಕಾರು ಹತ್ತಿದಳು.

ಪ್ರಾಚೀನ ಅವಶೇಷವೆಂದರೆ ಅವಳ ಮನಸ್ಸಿನಲ್ಲಿ ಕಂಬಗಳಿದ್ದವು, ಮುರಿದ ಗೋಡೆಗಳಿದ್ದವು. ಮರುದಿನ ಗಗನಾ ಕಾಡಿನೊಳಗೆ ಅರ್ಧ ಮೈಲಿ ನಡೆಸಿ ತೋರಿಸಿದ್ದು ಒಂದು ತಗ್ಗು. ಸೊಂಟದಷ್ಟು ಆಳ, ತುಂಬ ಒಣಗಿದೆಲೆ.

"ಇಷ್ಟೇನಾ?" ಎಂದಳು ಭಾನು. ಮರುಕ್ಷಣವೇ ಬಾಯಿ ಮುಚ್ಚಿಕೊಂಡಳು.

ಗಗನಾ ಬೇಸರಪಟ್ಟುಕೊಳ್ಳಲಿಲ್ಲ. "ಎಲ್ಲರೂ ಹಾಗೇ ಅಂತಾರೆ ಆಂಟಿ. ಇಲ್ಲಿನ ಮೂಲನಿವಾಸಿಗಳು ಕಲ್ಲಿನ ಸುತ್ತಿಗೇಲಿ ಹೊಡೆದು ಹೊಡೆದು ತಾಮ್ರ ತೆಗೆದಿದ್ದು ಇಲ್ಲೇ. ಅನುಜ್ ಹೋಲ್ ಡೇ ಇಲ್ಲೇ ಕೂತಿರ್ತಿದ್ದ. ಲಂಚ್‌ಗೆ ನೀವು ಕಳಿಸಿದ ಚಟ್ನಿಪುಡಿ, ಬ್ರೆಡ್."

ಭಾನು ತಗ್ಗಿನ ಅಂಚಿನಲ್ಲಿ ಕೂತಳು. ಎಲೆ ಸರಿಸಿ ಕಲ್ಲು ಮುಟ್ಟಿದಳು. ತಣ್ಣಗಿತ್ತು. ಗಗನಾ ಕೆಲಸಕ್ಕೆಂದು ಹೊರಟ ಮೇಲೆ ಗಂಡಹೆಂಡತಿ ಇಬ್ಬರೇ ದಂಡೆಗೆ ಬಂದರು. ಕಂದುಗಪ್ಪು ಬಂಡೆಗಳು ಇಳಿಜಾರಾಗಿ ನೀರಿನೊಳಗೆ ಮುಳುಗಿದ್ದವು. ಆಚೆ ದಡ ಕಾಣದು, ಸಮುದ್ರದ ಹಾಗೇ.

"ನಾನು ಬಂದಿದ್ರೆ ಎಷ್ಟು ಖುಷಿಪಡ್ತಿದ್ದ," ಎಂದಳು ಭಾನು. "ನನ್ನಿಂದಲೇ ಅಲ್ವೇನ್ರೀ ನಾವಿಬ್ರೂ ಬರದೇ ಹೋಗಿದ್ದು?"

ರವಿಶಂಕರ ಬಂಡೆಯ ಮೇಲೆ ಅವಳ ಪಕ್ಕ ಕೂತಿದ್ದ. ನೀರು ನೋಡುತ್ತ ಹೇಳಿದ: "ನನಗೂ ಫೋನ್ ಮಾಡಿದ್ದ ಭಾನು. ಅಮ್ಮ ಬ್ಯುಸಿ, ನೀವೊಬ್ರೇ ಬನ್ನಿ ಅಪ್ಪ ಅಂದ. ನನಗೇನೂ ಕೆಲಸ ಇರ್ಲಿಲ್ಲ. ಅಷ್ಟು ದೂರ ಡ್ರೈವ್ ಮಾಡೋಕೆ ಸೋಮಾರಿತನ. ಅಮ್ಮನ್ನ ಬಿಟ್ಟು ಹೇಗೆ ಬರ್ಲಿ ಅಂದ್ಬಿಟ್ಟೆ."

ಅವಳು ಅವನ ಕಡೆ ತಿರುಗಿದಳು. "ಎರಡು ವರ್ಷ ತಪ್ಪು ನನ್ನೊಬ್ಳದೇ ಅಂದ್ಕೊಂಡು ಅತ್ತೆ. ನೀವು ಪಕ್ಕದಲ್ಲೇ ಕೂತಿದ್ರಿ."

"ಹೇಳೋಕೆ ಧೈರ್ಯ ಬರ್ಲಿಲ್ಲ."

ಅವಳು ಎದ್ದು, ಬಂಡೆಯ ಮೇಲೆ ಕೈಯೂರಿಕೊಂಡು ಒಬ್ಬಳೇ ಕಾರಿನತ್ತ ನಡೆದಳು. ಆ ಸಂಜೆ ಮೋಟೆಲಿನಲ್ಲಿ ಮಾತಿಲ್ಲ. ಮರುದಿನ ದಾರಿಯಲ್ಲೂ ಇಲ್ಲ. ಮ್ಯಾಕಿನಾ ಸೇತುವೆ ದಾಟಿದ ಮೇಲೆ, ಮಧ್ಯಾಹ್ನ ಮೂರರ ಸುಮಾರಿಗೆ, ಹೆದ್ದಾರಿ ಬದಿಯ ರೆಸ್ಟ್ ಏರಿಯಾದಲ್ಲಿ ಕಾರು ನಿಲ್ಲಿಸಿದಾಗ ಅವಳು ಸೀಟ್ ಬೆಲ್ಟು ಬಿಚ್ಚಲಿಲ್ಲ.

"ಯಾವತ್ತು ಫೋನ್ ಮಾಡಿದ್ದು?"

"ಜನವರಿ ಕೊನೇಲಿ. ಒಂದು ಭಾನುವಾರ."

"ಅಂದ್ರೆ ನನ್ನ ಜೊತೆ ಮಾತಾಡಿದ ಮೇಲೆ."

"ಹೂಂ."

ಅವಳ ಮುಖದಲ್ಲಿ ಸಿಟ್ಟು ಹಾಗೇ ಇತ್ತು. ಆದರೆ ದನಿ ತಗ್ಗಿತು. ಮಗನ ಮಾತೆಲ್ಲ ಮುಗಿದೇ ಹೋಯಿತೆಂದು ಅವಳು ತಿಳಿದಿದ್ದಳು. ಅವಳ ಕಿವಿಗೆ ಬೀಳದ ಮಾತು ಇನ್ನೂ ಒಂದಷ್ಟು ಇತ್ತು.

"ಏನೇನು ಅಂದ, ಪೂರ್ತಿ ಹೇಳಿ."

ರವಿಶಂಕರ ಹೇಳಿದ. ಹೊರಗೆ ಮೊಣಕಾಲುದ್ದ ಹಿಮ ಅಂದಿದ್ದ. ಶೀತವಾಗಿ ಗಂಟಲು ಕಟ್ಟಿತ್ತು. ಹೊಸ ಬೂಟು ಕೊಂಡಿದ್ದ, ಅದು ಕಚ್ಚುತ್ತಿತ್ತು. ಅಮ್ಮನಿಗೆ ಸುಸ್ತಾದ ಹಾಗಿದೆ, ನೋಡ್ಕೊಳ್ಳಿ ಅಂದಿದ್ದ.

ಭಾನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅವನು ಹೆಗಲ ಮೇಲೆ ಕೈಯಿಡಹೋದರೆ ಕೊಡವಿದಳು. ಮುಖದಿಂದ ಕೈ ತೆಗೆಯದೆಯೇ ಹೇಳಿದಳು:

"ಇನ್ನೊಂದ್ಸಲ ಹೇಳಿ. ಗಂಟಲು ಕಟ್ಟಿತ್ತು ಅಂದ್ರಲ್ಲ, ಅಲ್ಲಿಂದ."