ಮೊಹರಿಲ್ಲದ ಊರಿನಿಂದ ಬಂದ ಎಡಗೈ ರೈಫಲ್

ಮದುವೆಯ ಕರೆಯೋಲೆ ಬಂದರೆ ನಾನು ಅದನ್ನು ಓದುವುದಿಲ್ಲ, ಪರಿಶೀಲಿಸುತ್ತೇನೆ. ವರನ ತಂದೆಯ ಹೆಸರು ಮೇಲೊಂದು ಥರ, ಕೆಳಗೊಂದು ಥರ ಇದ್ದರೆ ಆ ಮದುವೆಯ ಪಾಯಸ ನನ್ನ ಗಂಟಲಲ್ಲಿ ಸಲೀಸಾಗಿ ಇಳಿಯುವುದಿಲ್ಲ. ಇದು ಹುಟ್ಟಿನಿಂದ ಬಂದದ್ದಲ್ಲ, ಕಸುಬಿನಿಂದ ಅಂಟಿಕೊಂಡದ್ದು. ದೇವನಹಳ್ಳಿಯಲ್ಲಿ ನಾನು ಮೂವತ್ತು ವರ್ಷಗಳಿಂದ ಪತ್ರ ಬರಹಗಾರ. ಕ್ರಯಪತ್ರ, ವಿಭಾಗಪತ್ರ, ದಾನಪತ್ರ ಬರೆದೇ ಸಂಸಾರ ಸಾಗಿಸಿದವನು. ವಿಮಾನ ನಿಲ್ದಾಣ ಬಂದಮೇಲಂತೂ ಒಂದೇ ಜಮೀನನ್ನು ಮೂವರಿಗೆ ಮಾರಿದವರನ್ನೂ, ಬದುಕಿರುವ ಅಣ್ಣನಿಗೆ ಮರಣ ಪ್ರಮಾಣಪತ್ರ ಮಾಡಿಸಿಕೊಂಡು ಬಂದ ತಮ್ಮನನ್ನೂ ಕಣ್ಣಾರೆ ನೋಡಿದ್ದೇನೆ. ಹೀಗಾಗಿ ಸಹಿ, ಮೊಹರು, ಇಬ್ಬರು ಸಾಕ್ಷಿಗಳು ಇಲ್ಲದ ಕಾಗದವನ್ನು ನಾನು ಕಾಗದವೆಂದು ಒಪ್ಪುವುದೇ ಇಲ್ಲ.

ಇಂಥವನ ಮನೆಯಲ್ಲಿ ಎಡಗೈಯ ಮಗಳು ಹುಟ್ಟಿದಳು. ಪಲ್ಲವಿ ಎಂದು ಹೆಸರು. ಅನ್ನಕ್ಕೂ ಎಡಗೈ, ಬಳಪಕ್ಕೂ ಎಡಗೈ, ದೇವಸ್ಥಾನದಲ್ಲಿ ತೀರ್ಥಕ್ಕೂ ಎಡಗೈಯೇ ಮುಂದೆ. ನನಗೆ ಆ ಕೈಯ ಮೇಲೆ ಅನುಮಾನವೋ ಅನುಮಾನ. ಕಂಡಾಗಲೆಲ್ಲ ಪೆನ್ಸಿಲನ್ನು ಆ ಕೈಯಿಂದ ತೆಗೆದು ಈ ಕೈಗೆ ಇಡುತ್ತಿದ್ದೆ. ಅವಳೂ ಜಾಣೆ, ನಾನಿದ್ದಾಗ ಬಲಗೈ, ನಾನು ಮರೆಯಾದೊಡನೆ ಎಡಗೈ. ಕೊನೆಗೆ ನಾನೇ ಸೋತೆ. ಮೂವತ್ತು ವರ್ಷ ದಿನಾ ಹತ್ತಾರು ಜನಕ್ಕೆ ಎಡಗೈ ಹೆಬ್ಬೆಟ್ಟು ಒತ್ತಿ ಎಂದು ಹೇಳುತ್ತಾ ಬಂದವನಿಗೆ ಮನೆಯಲ್ಲಿ ಆ ಕೈ ಯಾಕೆ ಅಷ್ಟು ಕೆಟ್ಟದಾಗಿ ಕಂಡಿತೋ ದೇವರೇ ಬಲ್ಲ.

ಕಾಲೇಜಿನಲ್ಲಿ ಎನ್‌ಸಿಸಿಗೆ ಸೇರಿದವಳು ಗುರಿ ಹೊಡೆಯುವುದರಲ್ಲಿ ಹೆಸರು ಮಾಡಿದಳು. ಈಗ ದೊಡ್ಡಬಳ್ಳಾಪುರದ ಒಂದು ಶಾಲೆಯಲ್ಲಿ ಆಟದ ಟೀಚರು, ಭಾನುವಾರ ಬಂತೆಂದರೆ ಶೂಟಿಂಗ್ ಕ್ಲಬ್ಬು. ಕ್ಲಬ್ಬಿನ ರೈಫಲ್ಲುಗಳೆಲ್ಲ ಬಲಗೈಯವರಿಗಾಗಿ ಮಾಡಿದವು. ಇವಳು ಎಡ ಭುಜಕ್ಕೆ ಇಟ್ಟುಕೊಂಡು, ಪ್ರತಿ ಗುಂಡಿಗೂ ಬಲ ಬದಿಯಲ್ಲಿರುವ, ಗುಂಡು ತುಂಬುವ ಹಿಡಿಯನ್ನು ಎಳೆಯಲು ಕೈ ದಾಟಿಸಿ, ಮೈ ಕದಲಿಸಿ, ಮತ್ತೆ ಗುರಿ ಹುಡುಕಬೇಕು. ಎಡಗೈಯವರ ರೈಫಲ್ ಇಲ್ಲಿ ಎಲ್ಲೂ ಸಿಗಲಿಲ್ಲ, ಜರ್ಮನಿಯಲ್ಲಿ ಆರ್ಡರ್ ಕೊಟ್ಟರೆ ಮಾಡಿಕೊಡುತ್ತಾರಂತೆ. ದಸರಾ ಕಳೆದ ಮೇಲೆ ರಾಜ್ಯ ಮಟ್ಟದ ಆಯ್ಕೆ. ಅಷ್ಟರೊಳಗೆ ಅದು ಕೈಗೆ ಬರಬೇಕು, ಇಷ್ಟೇ ಅವಳ ಆಸೆ.

ನಮ್ಮ ದೇವನಹಳ್ಳಿ ಕೋಟೆಯ ಗೋಡೆಯಲ್ಲಿ ಬಂದೂಕಿನ ಕಿಂಡಿಗಳಿವೆ. ಹಿಂದಿನ ಕಾಲದ ಬಂದೂಕಿನ ಕಿಡಿ ಬಲಗಡೆಗೇ ಹಾರುತ್ತಿತ್ತಂತೆ. ಎಡ ಭುಜಕ್ಕೆ ಇಟ್ಟುಕೊಂಡವನ ಕೆನ್ನೆ ಸುಡದೆ ಬಿಡುತ್ತಿರಲಿಲ್ಲ. ಪಾಳೆಯಗಾರರ ಸೈನ್ಯದಲ್ಲೂ ಎಡಗೈಯವರು ಇದ್ದೇ ಇದ್ದರಲ್ಲ, ಅವರೇನು ಮಾಡುತ್ತಿದ್ದರು? ಯಾವ ಶಾಸನವೂ ಇದನ್ನು ಹೇಳುವುದಿಲ್ಲ. ಬಲಗೈಗೆ ಬದಲಿಸಿಕೊಂಡಿರಬೇಕು, ಇಲ್ಲವೇ ಕೆನ್ನೆ ಸುಟ್ಟುಕೊಂಡು ಸುಮ್ಮನಿದ್ದಿರಬೇಕು. ಇದೆಲ್ಲ ನನಗೆ ಈಗ ತೋಚುವ ಮಾತು. ಆಗ ತೋಚಿದ್ದು ಅನುಮಾನ ಒಂದೇ.

ರೈಫಲ್ಲಿನ ಲೈಸೆನ್ಸಿಗೆ ಅರ್ಜಿ ಹಾಕಿದಾಗ ಪೊಲೀಸ್ ಸ್ಟೇಷನ್ನಿನಿಂದ ಒಬ್ಬರು ವಿಚಾರಣೆಗೆ ಬಂದಿದ್ದರು. ಪಕ್ಕದ ಮನೆಯವರು, ಹುಡುಗಿ ಚಿನ್ನದಂಥವಳು, ಅವರಪ್ಪನ ಕೈಗೆ ಮಾತ್ರ ಬಂದೂಕು ಕೊಡಬೇಡಿ, ಪೇಪರ್ ಹಾಕುವವನನ್ನೂ ಅನುಮಾನಿಸುತ್ತಾನೆ ಎಂದರಂತೆ. ಆದರೂ ಲೈಸೆನ್ಸ್ ಬಂತು, ಹೊರದೇಶದಿಂದ ತರಿಸಲು ಅನುಮತಿಯೂ ಬಂತು. ಆ ಕಾಗದಗಳ ನಕಲುಗಳಿಗೆ ದೃಢೀಕರಣ ಮಾಡಿಸಿ ಜರ್ಮನಿಗೆ ಕಳಿಸಬೇಕಿತ್ತು. ಮನೆಯಲ್ಲೇ ಪತ್ರ ಬರಹಗಾರ ಇರುವಾಗ ಬೇರೆಯವರೇಕೆ ಎಂದು ಪಲ್ಲವಿ ಎಲ್ಲವನ್ನೂ ನನ್ನ ಕೈಗೆ ಕೊಟ್ಟಳು. ಅವಳು ಮಾಡಿದ ತಪ್ಪು ಅದೊಂದೇ.

ಜರ್ಮನಿಯ ಕಾರ್ಖಾನೆಯಿಂದ ಮೋನಿಕಾ ಎಂಬ ಹೆಂಗಸು ಮೇಲ್ ಬರೆದಿದ್ದಳು. ಒಟ್ಟು ಮೂರು ಸಾಲು. ಎಡಗೈಯದು ಮಾಡಿಕೊಡುತ್ತೇವೆ, ತಿಂಗಳ ಕೊನೆಯೊಳಗೆ ಅನುಮತಿ ಪತ್ರ ತಲುಪಿದರೆ ಈ ಸರದಿಗೆ ಸೇರಿಸುತ್ತೇವೆ, ಪತ್ರ ನೋಡದೆ ಏನನ್ನೂ ಕಳಿಸುವುದಿಲ್ಲ. ಮಾನ್ಯರೇ ಎನ್ನುವುದಿಲ್ಲ, ತಮ್ಮ ವಿಶ್ವಾಸಿ ಎನ್ನುವುದಿಲ್ಲ, ಮೊಹರಂತೂ ಇಲ್ಲವೇ ಇಲ್ಲ. ಅಷ್ಟು ದೊಡ್ಡ ಕಾರ್ಖಾನೆಗೆ ಒಂದು ಮೊಹರು ಮಾಡಿಸುವ ಯೋಗ್ಯತೆ ಇಲ್ಲವೇ ಎಂದು ನನಗೆ ಗುಮಾನಿ ಹತ್ತಿತು. ಮೊಹರು ಒತ್ತಿ, ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಬರೆಯಬೇಕೆಂದು ಮಗಳ ಕೈಯಲ್ಲಿ ಉತ್ತರ ಹಾಕಿಸಿದೆ. ನಮ್ಮಲ್ಲಿ ಮೊಹರಿಲ್ಲ, ಅದರಿಂದ ತೊಂದರೆಯೇ ಎಂದು ಮೋನಿಕಾ ಕೇಳಿದಳು. ಮೊಹರಿಲ್ಲವೆಂದು ತಾನೇ ಒಪ್ಪಿಕೊಂಡಳಲ್ಲ, ನನಗೆ ಇನ್ನೇನು ಬೇಕು. ಕಾಗದಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಪಲ್ಲವಿ ದಿನಾ ಸಂಜೆ ಕೇಳುವಳು, ನಾನು ದಿನಾ ನೋಡೋಣ ಎನ್ನುವೆ.

ಹೀಗೆ ಮೂರು ವಾರ ನೋಡುತ್ತಲೇ ಇದ್ದಾಗ ಇಂಟರ್ನೆಟ್ಟಿನಲ್ಲಿ ನನಗೇ ಒಬ್ಬ ವ್ಯಾಪಾರಿ ಸಿಕ್ಕಿದ. ಅದೇ ಜರ್ಮನ್ ರೈಫಲ್, ಎಡಗೈಯದೇ, ಹತ್ತು ದಿನದಲ್ಲಿ ಮನೆ ಬಾಗಿಲಿಗೆ. ಅನುಮತಿ ಗಿನುಮತಿ ಎಲ್ಲ ಅವನದೇ ಜವಾಬ್ದಾರಿ. ನಾನು ಬಿಡುತ್ತೇನೆಯೇ, ದಾಖಲೆ ಕಳಿಸಯ್ಯ ಎಂದೆ. ಕಳಿಸಿದ. ಎಂಥ ಪತ್ರ ಅದು! ಹಸಿರು ಅಂಚು, ಒಂದರ ಕೆಳಗೊಂದು ಷರತ್ತು, ಇಬ್ಬರು ಸಾಕ್ಷಿಗಳು, ನೆತ್ತಿಯ ಮೇಲೆ ನಾಲ್ಕು ಸಿಂಹಗಳ ಲಾಂಛನ. ಅಧಿಕಾರಿಯ ಫೋಟೊ ಅಂಟಿಸಿ, ಅರ್ಧ ಫೋಟೊದ ಮೇಲೆ ಅರ್ಧ ಕಾಗದದ ಮೇಲೆ ಬೀಳುವಂತೆ ನೇರಳೆ ಮೊಹರು ಒತ್ತಿದ್ದರು. ಹಾಗೆ ಒತ್ತುವುದನ್ನು ಕಲಿಯಲು ನಮ್ಮ ನೋಂದಣಿ ಆಫೀಸಿನ ಹುಡುಗರಿಗೆ ವರ್ಷ ಹಿಡಿಯುತ್ತದೆ. ಪೇಪರ್ ಹಾಕುವವನನ್ನೂ ನಂಬದ ನಾನು ಆ ಮೊಹರಿಗೆ ಮರುಳಾದೆ. ಮಗಳ ಲೈಸೆನ್ಸಿನ ನಕಲು, ಆಧಾರ್ ಎಲ್ಲವನ್ನೂ ಅವನಿಗೆ ಕಳಿಸಲು ಲಕೋಟೆ ಸಿದ್ಧಪಡಿಸಿದೆ. ಮಗಳಿಗೆ ಹೇಳಲಿಲ್ಲ. ಹಬ್ಬದ ದಿನ ರೈಫಲ್ ಎದುರಿಗಿಟ್ಟು ಬೆರಗಾಗಿಸಬೇಕೆಂದಿದ್ದೆ.

ಆದರೆ ಹೊಟ್ಟೆಯಲ್ಲಿ ಗುಟ್ಟು ನಿಲ್ಲಬೇಕಲ್ಲ. ನಮ್ಮ ಹಳ್ಳಿ ಆವತಿಗೆ ಹೋಗಿ ನಮ್ಮಪ್ಪನ ಮುಂದೆ ಜಂಬ ಕೊಚ್ಚಿಕೊಂಡೆ. ನಮ್ಮಪ್ಪನ ಹತ್ತಿರ ಬೆಳೆ ಕಾಯಲು ಲೈಸೆನ್ಸ್ ಪಡೆದ ಒಂಟಿ ನಳಿಗೆಯ ಬಂದೂಕಿದೆ. ಹಂದಿಗಳು ಅದನ್ನು ನೋಡಿದ್ದಕ್ಕಿಂತ ಪೊಲೀಸರು ನೋಡಿದ್ದೇ ಹೆಚ್ಚು. ಚುನಾವಣೆ ಬಂದಾಗಲೆಲ್ಲ ಹಳೇ ಪಂಚೆಯಲ್ಲಿ ಸುತ್ತಿ ಬಸ್ಸಿನಲ್ಲಿ ಒಯ್ದು ಸ್ಟೇಷನ್ನಿಗೆ ಒಪ್ಪಿಸಿ, ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕು. ಪಂಚಾಯಿತಿಯದು, ಅಸೆಂಬ್ಲಿಯದು, ಪಾರ್ಲಿಮೆಂಟಿನದು ಎಂದು ಅಪ್ಪ ಆ ರಸೀದಿಗಳನ್ನೆಲ್ಲ ಟ್ರಂಕಿನಲ್ಲಿ ಜೋಪಾನ ಮಾಡಿದ್ದಾರೆ. ನನ್ನ ಮಾತನ್ನೆಲ್ಲ ಕೇಳಿ, ಎಲೆ ಅಡಿಕೆ ಮೆಲ್ಲುವುದನ್ನು ನಿಲ್ಲಿಸಿ, "ಯಾವ ಸ್ಟೇಷನ್‌ಗೆ ಬರ್ತದಂತೆ?" ಅಂದರು.

ಸ್ಟೇಷನ್ ಯಾಕಪ್ಪ, ನೇರ ಮನೆಗೇ ಬರುತ್ತದೆ ಅಂದೆ.

"ಸ್ಟೇಷನ್‌ಗೆ ಗೊತ್ತಾಗ್ದೆ ಮನೆಗೆ ಬರೋ ಬಂದೂಕು ನಮ್ದಲ್ಲ ಕಣ್ಲಾ. ಮಗೀನ ಜೈಲಿಗೆ ಕಳಿಸ್ಬ್ಯಾಡ."

ಅಪ್ಪ ಓದಿದ್ದು ಮೂರನೇ ಕ್ಲಾಸು. ನಾನು ಕಾಗದವನ್ನು ಮತ್ತೆ ಬಿಡಿಸಿ ನೋಡಿದೆ. ನಾಲ್ಕು ಸಿಂಹಗಳ ಕೆಳಗೆ ದಪ್ಪಕ್ಷರದಲ್ಲಿ ಬರೆದಿತ್ತು: ಜರ್ಮನಿ ಸರ್ಕಾರ, ಆಯುಧ ಇಲಾಖೆ. ಅಶೋಕನ ಸಿಂಹಗಳು ಜರ್ಮನಿಗೆ ಯಾವಾಗ ಹೋದವು ಎಂದು ನಾನು ಕೇಳಿಕೊಂಡಿರಲೇ ಇಲ್ಲ. ನಾನು ಆ ಲಕೋಟೆಯನ್ನು ಪೋಸ್ಟ್ ಮಾಡಿ, ಕಳ್ಳ ದಾರಿಯ ಬಂದೂಕೊಂದು ಅವಳ ಹೆಸರಿನಲ್ಲಿ ಮನೆಗೆ ಬಂದಿದ್ದರೆ ಪಲ್ಲವಿಯ ಲೈಸೆನ್ಸ್, ಕೆಲಸ, ಆಟ ಎಲ್ಲ ಅಲ್ಲಿಗೇ ಮುಗಿಯುತ್ತಿದ್ದವು.

ಆವತಿಯಿಂದ ಬಸ್ಸು ಹತ್ತಿ ಬಂದವನೇ ಬೀರುವಿನ ಬೀಗ ತೆಗೆದು ಕಾಗದಗಳನ್ನು ಮಗಳ ಮುಂದಿಟ್ಟು ನಡೆದದ್ದೆಲ್ಲ ಹೇಳಿಬಿಟ್ಟೆ. ಅವಳು ಅಂದೇ ಮೋನಿಕಾಗೆ ಕಳಿಸಿದಳು. ಆದರೆ ತಿಂಗಳು ದಾಟಿ ಎರಡು ದಿನವಾಗಿತ್ತು. ಕ್ಷಮಿಸಿ, ಈ ಸರದಿ ತುಂಬಿತು, ಮುಂದಿನದರಲ್ಲಿ ಖಂಡಿತ ಎಂದು ಉತ್ತರ ಬಂತು. ಈ ಸಲವೂ ಮೂರೇ ಸಾಲು.

ದಸರಾ ಮುಗಿದು ಆಯ್ಕೆ ನಡೆಯಿತು. ಪಲ್ಲವಿ ಕ್ಲಬ್ಬಿನ ಬಲಗೈ ರೈಫಲ್ಲಿನಲ್ಲೇ ಹೊಡೆದಳು. ನಾನು ಹಿಂದಿನ ಸಾಲಿನಲ್ಲಿ ಕೂತು ನೋಡಿದೆ. ಪ್ರತಿ ಗುಂಡಿಗೂ ಕೈ ಆಚೆ ದಾಟುವುದು, ಮೈ ಕದಲುವುದು, ಮತ್ತೆ ಮೊದಲಿನಿಂದ ಉಸಿರು ಹಿಡಿಯುವುದು. ಆಯ್ಕೆ ಸ್ವಲ್ಪದರಲ್ಲಿ ತಪ್ಪಿತು. ಬಸ್ಸಿನಲ್ಲಿ ಬರುವಾಗ ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕಡಲೆಕಾಯಿ ಕೊಂಡು ಕೊಟ್ಟೆ, ಬಿಡಿಸಿ ತಿಂದಳು. ನನಗೆ ನಾಚಿಕೆಯಿಂದ ಕಿಟಕಿಯಾಚೆ ನೋಡುವುದೇ ಕೆಲಸವಾಯಿತು.

ಕೊನೆಗೆ ಬೇಸಿಗೆಯಲ್ಲಿ ರೈಫಲ್ ಬಂತು. ಅಷ್ಟು ದೂರದಿಂದ ಹಾರಿ ಬಂದು ನಮ್ಮ ಮನೆಗೆ ಕೂಗಳತೆಯಲ್ಲಿರುವ ವಿಮಾನ ನಿಲ್ದಾಣದಲ್ಲಿಳಿದು, ಕಸ್ಟಮ್ಸ್‌ನಲ್ಲಿ ಮೂರು ವಾರ ಕೂತಿತ್ತು. ಆ ಮೂರು ವಾರಕ್ಕೆ ಗೊಣಗುವ ಬಾಯಿ ನನಗಿರಲಿಲ್ಲ. ಕಸ್ಟಮ್ಸ್‌ನಿಂದ ಬಿಡಿಸಿಕೊಂಡ ಮೇಲೆ ಅಪ್ಪನ ಅಪ್ಪಣೆಯಂತೆ ಮನೆಗೂ ಮೊದಲು ಸ್ಟೇಷನ್ನಿಗೆ ಹೋಗಿ ತೋರಿಸಿದೆವು. ಪೆಟ್ಟಿಗೆಯಲ್ಲಿದ್ದ ಕಾಗದಗಳನ್ನೆಲ್ಲ ನಾನು ಅಭ್ಯಾಸಬಲದಿಂದ ತಿರುವಿ ನೋಡಿದೆ. ಎಲ್ಲೂ ಒಂದು ಮೊಹರಿರಲಿಲ್ಲ.

ಮನೆಗೆ ಬಂದು ಅರಿಸಿನ ಕುಂಕುಮ ಇಟ್ಟಾದ ಮೇಲೆ ಪಲ್ಲವಿ, ಗುಂಡಿಲ್ಲವೆಂದು ಎರಡು ಸಲ ನೋಡಿ, "ಹಿಡ್ಕೊಂಡು ನೋಡಪ್ಪ" ಎಂದು ನನ್ನ ಕೈಗೆ ಕೊಟ್ಟಳು. ಬಲ ಭುಜಕ್ಕೆ ಇಟ್ಟುಕೊಂಡೆ. ಕೆನ್ನೆಗೆ ಒರಗಬೇಕಾದ ಉಬ್ಬು ಆಚೆ ಬದಿಗಿತ್ತು. ಹಿಡಿಯೂ ಆಚೆ. ಕೈ ದಾಟಿಸಿದರೆ ನಳಿಗೆ ಮೇಲೇಳುತ್ತದೆ, ನಳಿಗೆ ಸರಿಮಾಡಿದರೆ ಕತ್ತು ಹಿಡಿಯುತ್ತದೆ. ಎರಡು ನಿಮಿಷಕ್ಕೇ ಭುಜ ನೋಯತೊಡಗಿ, ಇದೇನು ತಾಯಿ ಹೀಗಿದೆ ಅಂದೆ.

"ನಂಗೆ ಇಷ್ಟು ವರ್ಷ ಎಲ್ಲಾ ಹೀಗೇ ಇತ್ತು ಕಣಪ್ಪ" ಅಂದಳು. ಕೋಪದಿಂದ ಅನ್ನಲಿಲ್ಲ, ನಗುತ್ತಲೇ ಅಂದಳು. ನಾನು ರೈಫಲ್ಲನ್ನು ಅವಳ ಎಡಗೈಗೇ ಕೊಟ್ಟೆ.

ಮರುದಿನ ಕುಂದಾಣದ ಕಡೆಯ ಮುದುಕರೊಬ್ಬರು ಮಗಳ ಹೆಸರಿಗೆ ದಾನಪತ್ರ ಮಾಡಿಸಲು ಬಂದರು. ಹೆಬ್ಬೆಟ್ಟು ಒತ್ತಲು ಬಲಗೈ ಮುಂದೆ ಮಾಡಿದರು. ಎಡಗೈ ಕೊಡಿ ಯಜಮಾನರೇ ಅಂದೆ.

"ಯಾಕ್ ಸ್ವಾಮಿ, ಶುಭಕಾರ್ಯ ಅಲ್ವಾ?" ಅಂದರು.

ಮೂವತ್ತು ವರ್ಷದಲ್ಲಿ ಈ ಪ್ರಶ್ನೆಗೆ ರೂಲ್ಸು ಎಂದಷ್ಟೇ ಹೇಳಿ ಮುಗಿಸುತ್ತಿದ್ದೆ. ಅವತ್ತು ಅವರ ಎಡಗೈಯನ್ನು ನಾನೇ ಹಿಡಿದು, ಶಾಯಿ ಹಚ್ಚಿ, ಕಾಗದದ ಮೇಲೆ ಮೆಲ್ಲಗೆ ಒತ್ತಿಸಿದೆ. ನಂಬಿಕೆಗೆ ಈ ಕೈಯೇ ಆಗಬೇಕು ಯಜಮಾನರೇ, ನನಗೆ ಗೊತ್ತಾಗುವುದು ಸ್ವಲ್ಪ ತಡವಾಯಿತು ಅಂದೆ.